ಬಾಡಿಗೆ ಎಷ್ಟು, ಬಸ್ಸು ಎಷ್ಟೊತ್ತಿಗೆ?

ಬಳ್ಳಾರಿಯಲ್ಲಿ ಮನೆ ಹುಡುಕುವ ಕಾಲ ಎಂದರೆ ಬೇಸಿಗೆ. ವರ್ಗಾವಣೆಯ ಮಾತು ಏಳುವುದೂ ಆಗಲೇ, ಮಕ್ಕಳಿಗೆ ಶಾಲೆ ಬದಲಿಸುವುದೂ ಆಗಲೇ. ಬಿಸಿಲು ನಲವತ್ತು ಡಿಗ್ರಿ ದಾಟಿರುವಾಗ ಗಂಡ ಹೆಂಡತಿ ಒಂದು ಬೈಕಿನಲ್ಲಿ, ಮಧ್ಯೆ ಮಗುವನ್ನು ಕೂರಿಸಿಕೊಂಡು, ಪಾರ್ವತಿನಗರದಿಂದ ಕಪ್ಪಗಲ್ಲು ರಸ್ತೆಗೆ, ಅಲ್ಲಿಂದ ಮೋಕಾ ರಸ್ತೆಗೆ, ಮತ್ತೆ ಹವಂಭಾವಿ ಕಡೆಗೆ ಅಲೆಯುವುದನ್ನು ವರ್ಷವರ್ಷವೂ ನೋಡುತ್ತೇನೆ. ನೋಡಿದಾಗೆಲ್ಲ ಸಂಕಟವಾಗುತ್ತದೆ. ಆದರೆ ಮನೆ ನೋಡಬೇಕಾದದ್ದು ಈ ಬಿಸಿಲಲ್ಲೇ ಎಂದೂ ಅನ್ನಿಸುತ್ತದೆ. ಡಿಸೆಂಬರಿನಲ್ಲಿ ಬಳ್ಳಾರಿಯ ಯಾವ ಮನೆಯೂ ಚೆಂದವೇ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಮೇಲ್ಮಹಡಿಯ ಮನೆಯ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಎಣಿಸಿದರೆ ಐದರೊಳಗೆ ಕೈ ತೆಗೆಯಬೇಕು. ಆ ಗೋಡೆ ರಾತ್ರಿ ಹನ್ನೊಂದಾದರೂ ಬಿಸಿ ಕಾರುತ್ತಲೇ ಇರುತ್ತದೆ. ಫ್ಯಾನು ಆ ಬಿಸಿಯನ್ನೇ ತಿರುಗಿಸಿ ತಿರುಗಿಸಿ ಮಗುವಿನ ಮೈಮೇಲೆ ಸುರಿಯುತ್ತದೆ. ಬಾಡಿಗೆ ಸಾವಿರ ರೂಪಾಯಿ ಕಡಿಮೆ ಎಂದು ಮೇಲ್ಮಹಡಿ ಹಿಡಿದವರು ಎರಡನೆಯ ಬೇಸಿಗೆಗೆ ಕೂಲರು, ಮೂರನೆಯ ಬೇಸಿಗೆಗೆ ಎ.ಸಿ. ಕೊಂಡು ಆ ಸಾವಿರವನ್ನು ಕರೆಂಟು ಬಿಲ್ಲಿಗೆ ಕಟ್ಟುತ್ತಾರೆ.

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಮೇಲೆ ಮೇಲ್ಮುದ್ದೆಯ ಮಣ್ಣು, ನಡುವೆ ಬೆಳಕಿಂಡಿ, ಕೆಳಗೆ ಬಂಡೆಯ ನೆಲ. ಊಟ ಮುಗಿಸಿ ಬರಿನೆಲದ ಮೇಲೆ ಮೈ ಚಾಚಿದರೆ ಫ್ಯಾನಿನ ನೆನಪಾಗುತ್ತಿರಲಿಲ್ಲ. ಈಗ ಅಂಥ ಮನೆ ಕಟ್ಟುವವರಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ದಿಮ್ಮಿಸುವ ಕೈಗಳೂ ಕಡಿಮೆಯಾಗಿವೆ. ನಾಲ್ಕೂವರೆ ಇಂಚಿನ ಗೋಡೆ, ಅದರ ಮೇಲೆ ಕಾಂಕ್ರೀಟು, ಇಷ್ಟೇ ನಮ್ಮ ಪಾಲಿಗೆ ಬಂದಿರುವುದು.

ಬಿಸಿಲಿನ ಮಾತು ಆಯಿತು, ನೀರಿನ ಮಾತಿಗೆ ಬರುತ್ತೇನೆ. ಬೇರೆ ಊರಿನವರು ಮನೆ ನೋಡಲು ಬಂದರೆ ಹಾಲ್ ಎಷ್ಟು ದೊಡ್ಡದು, ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಇದೆಯೇ, ಬಾತ್‌ರೂಮ್ ಅಟ್ಯಾಚ್ಡ್ ಇದೆಯೇ ಎಂದು ಕೇಳುತ್ತಾರೆ. ಬಳ್ಳಾರಿಯ ಗೃಹಿಣಿ ಕೇಳುವುದು, ‘ನಳ ಎಷ್ಟು ದಿನಕ್ಕೊಮ್ಮೆ ಬರ್ತದ? ಸಂಪು ಎಷ್ಟು ಲೀಟರಿಂದು?’ ಎಂದು. ಅವಳ ಪ್ರಶ್ನೆಯೇ ಸರಿಯಾದದ್ದು. ನಗರಕ್ಕೆ ಕುಡಿಯುವ ನೀರು ಬರುವುದು ತುಂಗಭದ್ರೆಯ ಕಾಲುವೆಯಿಂದ. ಅಲ್ಲೀಪುರದ ಕೆರೆಯಲ್ಲಿ ತುಂಬಿಸಿಟ್ಟು, ಶುದ್ಧ ಮಾಡಿ ಬಿಡುತ್ತಾರೆ. ಎಷ್ಟೋ ಬಡಾವಣೆಗಳಲ್ಲಿ ನಳ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ರೈತರು ಬೆಳೆಯ ಚಿಂತೆ ಮಾಡಿದರು. ನಗರದ ಅಡುಗೆಮನೆಗಳಲ್ಲಿ ಬೇಸಿಗೆಯ ನಳದ ಚಿಂತೆ ಹುಟ್ಟಿತ್ತು.

ಸಂಪಿನ ಲೆಕ್ಕ ಸುಲಭ. ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರ್ ಬೇಕು ಎನ್ನುವುದು ಸರ್ಕಾರವೇ ಇಟ್ಟುಕೊಂಡಿರುವ ಮಾನದಂಡ. ಅಜ್ಜಿ ಸೇರಿ ಐದು ಜನರ ಸಂಸಾರಕ್ಕೆ 675 ಲೀಟರ್ ಆಯಿತು. ನೀರು ಎಂಟು ದಿನಕ್ಕೊಮ್ಮೆ ಎಂದರೆ 5,400 ಲೀಟರ್ ತುಂಬಿಟ್ಟುಕೊಳ್ಳಬೇಕು. ಕೆಳಗೆ ಓನರು, ಮೇಲೆ ಎರಡು ಬಾಡಿಗೆ ಮನೆ, ಮೂವರಿಗೂ ಸೇರಿ ಆರು ಸಾವಿರ ಲೀಟರಿನ ಒಂದೇ ಸಂಪು ಇದ್ದರೆ ಆ ಮನೆಯಲ್ಲಿ ಮೂರನೆಯ ದಿನದಿಂದಲೇ ಮಾತು ಮುರಿಯುತ್ತದೆ. ಅದೆಷ್ಟು ಒಳ್ಳೆಯ ಜನ, ಹಬ್ಬಕ್ಕೆ ಹೋಳಿಗೆ ಕೊಟ್ಟು ತೆಗೆದುಕೊಂಡವರು, ಮೋಟರಿನ ಸ್ವಿಚ್ಚಿನ ಮುಂದೆ ಮುಖ ತಿರುಗಿಸಿಕೊಂಡದ್ದನ್ನು ಕಂಡಿದ್ದೇನೆ! ಟ್ಯಾಂಕರು ತರಿಸಿಕೊಂಡರೆ ಆ ದುಡ್ಡೂ ಬಾಡಿಗೆಯೇ. ರಸೀದಿಯಲ್ಲಿ ಬರೆಯುವುದಿಲ್ಲ, ಅಷ್ಟೇ.

ಮೀಟರಿನ ಮಾತೂ ಇಲ್ಲೇ ಹೇಳಿಬಿಡಬೇಕು. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಕರೆಂಟು ಉಚಿತ, ಬಾಡಿಗೆಯವರಿಗೂ ಉಂಟು. ಆದರೆ ಮನೆಗೊಂದು ಮೀಟರು, ಮೀಟರಿಗೊಂದು ಆರ್.ಆರ್. ಸಂಖ್ಯೆ ಇರಬೇಕು. ಮೂರು ಮನೆಗೆ ಒಂದೇ ಮೀಟರು ಇಟ್ಟು, ತಿಂಗಳ ಕೊನೆಗೆ ಬಿಲ್ಲನ್ನು ಮೂರು ಪಾಲು ಮಾಡುವ ಓನರುಗಳಿದ್ದಾರೆ. ಅಲ್ಲಿ ಬಾಡಿಗೆಯವನಿಗೆ ಸರ್ಕಾರ ಕೊಟ್ಟದ್ದು ಕೈಗೆ ಸಿಗುವುದೇ ಇಲ್ಲ. ಮನೆ ನೋಡುವಾಗ ಮೀಟರು ಬೋರ್ಡಿನ ಮುಂದೆ ಎರಡು ನಿಮಿಷ ನಿಲ್ಲುವುದು ಒಳ್ಳೆಯದು.

ಬಿಸಿಲು, ನೀರು, ಕರೆಂಟು ಎಲ್ಲ ಸರಿಹೋದ ಮೇಲೆ ಬಾಗಿಲಲ್ಲಿ ನಿಂತ ಓನರು ಕೇಳುವ ಪ್ರಶ್ನೆ ಒಂದಿದೆ: ‘ನೀವು ಯಾರ ಪೈಕಿ?’ ವಿಮ್ಸ್ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸಮ್ಮ ನನಗೆ ಗೊತ್ತು. ಸಂಬಳದ ಚೀಟಿ ಇತ್ತು, ಅಡ್ವಾನ್ಸಿನ ದುಡ್ಡು ಕೈಯಲ್ಲಿತ್ತು, ಎರಡು ವರ್ಷದ ಮಗು ಸೊಂಟದ ಮೇಲಿತ್ತು. ಈ ಪ್ರಶ್ನೆಗೆ ಆಕೆ ನಿಜ ಹೇಳಿದ ಕೂಡಲೇ, ‘ನಮ್ಮ ತಮ್ಮ ಬರ್ತೀನಿ ಅಂದಾನಮ್ಮ, ಮನಿ ಅವನಿಗೇ ಇಟ್ಟೇವಿ’ ಎಂಬ ಉತ್ತರ ಬಂತು. ಟು-ಲೆಟ್ ಬೋರ್ಡು ಮುಂದಿನ ವಾರವೂ ಅಲ್ಲೇ ತೂಗುತ್ತಿತ್ತು. ದಲಿತರಿಗೆ, ಮುಸಲ್ಮಾನರಿಗೆ, ಗಂಡನಿಲ್ಲದೆ ಮಕ್ಕಳನ್ನು ಸಾಕುವ ಹೆಣ್ಣುಮಕ್ಕಳಿಗೆ ಒಂದೇ ಊರಿನಲ್ಲಿ ಊರು ಅರ್ಧಕ್ಕರ್ಧ ಚಿಕ್ಕದಾಗಿಬಿಡುತ್ತದೆ. ಮನೆ ಚಿಕ್ಕ ಪ್ರದೇಶದಲ್ಲಿ ಹುಡುಕಬೇಕಾದಾಗ ಬಾಡಿಗೆ ತಾನಾಗಿ ಏರುತ್ತದೆ. ಕಾಯಿಲೆಯಾದಾಗ ಇಂಜೆಕ್ಷನ್ ಕೊಡುವ ಕೈ ಯಾರ ಪೈಕಿ ಎಂದು ಕೇಳದವರು ಬಾಗಿಲಲ್ಲಿ ಕೇಳುವುದು ತಪ್ಪು. ಇದರಲ್ಲಿ ಎರಡು ಮಾತಿಲ್ಲ.

ಬಳ್ಳಾರಿಯ ಬಾಡಿಗೆಗೆ ಇನ್ನೊಂದು ಚರಿತ್ರೆಯೂ ಇದೆ. ಸಂಡೂರಿನ ಅದಿರು ಚೀನಾಕ್ಕೆ ಹೋಗುತ್ತಿದ್ದ ಆ ವರ್ಷಗಳಲ್ಲಿ ಲಾರಿಗಳ ಜೊತೆ ಬಾಡಿಗೆಯೂ ಓಡಿತು. ಹೊರಗಿನಿಂದ ಬಂದ ಕಂಪನಿಯವರು ಕೇಳಿದಷ್ಟು ಕೊಟ್ಟರು. ಮೇಷ್ಟ್ರು, ಗುಮಾಸ್ತರು ಗಾಂಧಿನಗರ ಬಿಟ್ಟು ಊರಾಚೆಯ ಹೊಸ ಲೇಔಟುಗಳಿಗೆ ಸರಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಬೀಗ ಬಿದ್ದ ಗೆಸ್ಟ್ ಹೌಸುಗಳನ್ನು ನೋಡಿದವರು, ಇನ್ನು ಬಾಡಿಗೆ ಇಳಿಯುತ್ತದೆ ಎಂದುಕೊಂಡರು. ಸ್ವಲ್ಪ ದಿನ ಇಳಿಯಿತು ಕೂಡ. ಆದರೆ ಆ ಕಾಲದಲ್ಲಿ ಕಟ್ಟಿದವೆಲ್ಲ ಸಾಹುಕಾರರ ಅಳತೆಯ ಮನೆಗಳು. ತಿಂಗಳಿಗೆ ಮೂವತ್ತು ನಲವತ್ತು ಸಾವಿರ ದುಡಿಯುವ ಸಂಸಾರಕ್ಕೆ ಬೇಕಾದ ಎರಡು ಕೋಣೆ, ಒಂದು ಅಡುಗೆಮನೆ, ಗಾಳಿ ಬರುವ ಒಂದು ಹಿತ್ತಿಲ ಬಾಗಿಲು ಎಂಬಂಥ ಮನೆಯನ್ನು ಯಾರೂ ಮನಸ್ಸಿಟ್ಟು ಕಟ್ಟಲಿಲ್ಲ. ಕೌಲ್ ಬಜಾರಿನ ಕಡೆ ಹೋದರೆ ಇನ್ನೂ ಬೇರೆ. ಅಲ್ಲಿ ಮನೆಯೆಂದರೆ ಅರ್ಧ ಕಾರ್ಖಾನೆ. ಬಳ್ಳಾರಿ ಜೀನ್ಸ್ ಎಂದು ದೇಶವೆಲ್ಲ ತೊಡುವ ಪ್ಯಾಂಟುಗಳಿಗೆ ಜೇಬು, ಬೆಲ್ಟು, ಗುಂಡಿ ಕೂರುವುದು ಇಂಥ ಮನೆಗಳ ಮುಂಗೋಣೆಗಳಲ್ಲಿ. ಆ ಕುಟುಂಬ ಮನೆ ಬದಲಿಸಬೇಕೆಂದರೆ ಎರಡು ಹೊಲಿಗೆ ಯಂತ್ರಗಳಿಗೂ ಜಾಗ ಹುಡುಕಬೇಕು, ರಾತ್ರಿ ಯಂತ್ರದ ಸದ್ದಿಗೆ ಒಪ್ಪುವ ಓನರನ್ನೂ ಹುಡುಕಬೇಕು. ನಗರ ಬಿಟ್ಟು ದೂರ ಹೋದರೆ ಬಟ್ಟೆಯ ಗಂಟು ತರುವವರು ಅಷ್ಟು ದೂರ ಬರುವುದಿಲ್ಲ. ಅವರಿಗೆ ಕುರುಗೋಡು, ಸಿರುಗುಪ್ಪದಂಥ ಹೊರಗಿನ ಊರುಗಳ ಮಾತು ಹೇಳಿ ಪ್ರಯೋಜನವಿಲ್ಲ.

ಉಳಿದವರಿಗೆ ಹೇಳಬಹುದು. ಹೇಳುತ್ತಲೂ ಇದ್ದಾರೆ. ‘ಕುರುಗೋಡಿಗೆ ಹೋಗ್ರಿ, ಅರ್ಧ ಬಾಡಿಗಿಗೆ ಡಬಲ್ ಬೆಡ್‌ರೂಮ್ ಸಿಗ್ತದ’ ಎಂಬ ಮಾತು ಬಳ್ಳಾರಿಯ ಒಗ್ಗರಣಿ ಮಿರ್ಚಿ ಅಂಗಡಿಗಳ ಮುಂದೆ ಬೇಕಾದಷ್ಟು ಸಲ ಕೇಳುತ್ತದೆ. ಕುರುಗೋಡು ಬಳ್ಳಾರಿಯಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ಈಗ ತಾಲ್ಲೂಕು ಕೇಂದ್ರ. ಬಂಡೆಗುಡ್ಡದ ಮಗ್ಗುಲಲ್ಲಿ ಊರು, ಊರ ನಡುವೆ ಏಕಶಿಲೆಯ ದೊಡ್ಡಬಸವೇಶ್ವರ. ಜಾತ್ರೆಯ ದಿನ ಕಾಲಿಡಲು ಜಾಗವಿಲ್ಲದಷ್ಟು ಜನ, ಉಳಿದ ದಿನ ಮಕ್ಕಳು ಬೀದಿಯಲ್ಲಿ ಸೈಕಲ್ ಓಡಿಸುವಷ್ಟು ನೆಮ್ಮದಿ. ಸಿರುಗುಪ್ಪ ಅದೇ ಉತ್ತರ ದಿಕ್ಕಿಗೆ ಇನ್ನೂ ಮುಂದೆ, ತುಂಗಭದ್ರೆಯ ದಡದ ಕಡೆ, ಬಳ್ಳಾರಿಯಿಂದ ಐವತ್ತೈದು ಕಿಲೋಮೀಟರಿನಷ್ಟು. ವಿಜಯನಗರದ ಕಾಲದ ಕಾಲುವೆ ಅಲ್ಲಿ ಈಗಲೂ ಹರಿಯುತ್ತದೆ. ಮೇಲಿಂದ ತುಂಗಭದ್ರಾ ಅಣೆಕಟ್ಟೆಯ ಕಾಲುವೆಯ ನೀರೂ ಬಂದು ಊರ ಸುತ್ತ ಎತ್ತ ನೋಡಿದರೂ ಭತ್ತ, ಊರೊಳಗೆ ಅಕ್ಕಿ ಗಿರಣಿ. ಸುಗ್ಗಿಯಲ್ಲಿ ಆ ಗಿರಣಿಗಳ ಹೊಟ್ಟಿನ ಬೂದಿ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ದಮ್ಮಿನ ಕಾಯಿಲೆಯ ಹಿರಿಯರಿರುವ ಮನೆಯವರು ಗಿರಣಿ ಎತ್ತ ಇದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ವಿಚಾರಿಸಿಯೇ ಮನೆ ಹಿಡಿಯಬೇಕು.

ಸಿರುಗುಪ್ಪದ ನೆಲ ಎರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲುಮೇಲೆ ತಳಪಾಯ ಹಾಕಿದ ಮನೆಯಾದರೆ ಗೋಡೆ ಅದರ ಜೊತೆಗೇ ಏರಿ ಇಳಿಯುತ್ತದೆ. ನೋಡಬೇಕಾದ ಜಾಗ ಕಿಟಕಿಯ ಮೂಲೆ. ಅಲ್ಲಿಂದ ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಕಂಡರೆ, ಬೇಸಿಗೆಯಲ್ಲಿ ಅದರೊಳಗೆ ರೂಪಾಯಿ ನಾಣ್ಯ ಅಡ್ಡಡ್ಡ ಹೋಗುವಂತಿದ್ದರೆ, ಎಷ್ಟು ಚೆಂದದ ಬಣ್ಣ ಹೊಡೆದಿದ್ದರೂ ಆ ಮನೆ ಬೇಡ. ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಸಿಕ್ಕಿಬೀಳುತ್ತದೆಯೇ ಎಂದು ಈಗಿರುವ ಬಾಡಿಗೆಯವರನ್ನು ಕೇಳಿದರೆ ಅವರು ನಿಜ ಹೇಳುತ್ತಾರೆ. ಕುರುಗೋಡಿನಲ್ಲಿ ಗುಡ್ಡದ ಮಗ್ಗುಲಿಗೆ ಗಟ್ಟಿ ನೆಲ ಸಿಗುವ ಕಡೆ ಈ ಭಯ ಕಡಿಮೆ.

ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆ ಸಿಗುತ್ತದಲ್ಲ, ಅಲ್ಲಿ ಬಸ್ಸು ನಿಂತಾಗೆಲ್ಲ ನನ್ನ ಕಣ್ಣು ಆ ಬಂಡೆಗುಡ್ಡಗಳ ಮೇಲೆ ಹೋಗುತ್ತದೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಲ್ಲಿ ಅಗೆದು ನವಶಿಲಾಯುಗದ ಜನರ ವಾಸದ ನೆಲೆಗಳನ್ನು ಕಂಡರು. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಗುಂಡು ಗುಡಿಸಲುಗಳು, ಗುಡ್ಡದ ಮೇಲೆ, ಬಂಡೆಗಳ ನಡುವೆ. ಕೆಳಗಿನ ಎರೆಯ ಬಯಲು ಬಿಟ್ಟು ಅವರು ಮೇಲೆ ಹತ್ತಿದ್ದೇಕೆ ಎಂದು ಪಂಡಿತರು ಏನಾದರೂ ಹೇಳಲಿ, ನನಗಂತೂ ಆ ಗೃಹಿಣಿಯರ ಮೇಲೆ ಗೌರವ. ಮೇಲೆ ಗಾಳಿ, ಕಾಲಕೆಳಗೆ ಬಿರಿಯದ ನೆಲ, ಹಿಂದೆ ನೆರಳಿಗೆ ಬಂಡೆ, ಕೊಡಲಿ ಮಾಡಲು ಕಲ್ಲು ಕೈಗೆಟುಕುವಲ್ಲೇ. ಕೆಲಸವೂ ಮನೆಯೂ ಒಂದೇ ಗುಡ್ಡದಲ್ಲಿ. ಬಳ್ಳಾರಿಯ ಮಗ್ಗುಲ ಸಂಗನಕಲ್ಲಿನಲ್ಲಿಯೂ ಇದೇ ಕಥೆ.

ಕೆಲಸ ಒಂದು ಕಡೆ ಮನೆ ಒಂದು ಕಡೆ ಆದದ್ದು ಆಮೇಲಿನ ಮಾತು. ಚೆಸಾರೆ ಮಾರ್ಕೆಟ್ಟಿ ಎಂಬ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಒಂದು ವಿಚಾರ ಮುಂದಿಟ್ಟ. ನಡೆಯುವ ಕಾಲವಿರಲಿ, ರೈಲಿನ ಕಾಲವಿರಲಿ, ಮನುಷ್ಯ ದಿನದ ಓಡಾಟಕ್ಕೆ ಕೊಡುವುದು ಒಟ್ಟಾರೆ ಒಂದು ಗಂಟೆ; ಹೋಗಲು ಅರ್ಧ, ಬರಲು ಅರ್ಧ. ಹಳೆಯ ಊರುಗಳು ಬೆಳೆದದ್ದು ಆ ಅರ್ಧ ಗಂಟೆಯ ನಡಿಗೆಯ ಅಳತೆಗೆ. ಬಳ್ಳಾರಿಯ ಕೋಟೆ, ಬ್ರೂಸ್‌ಪೇಟೆ, ಕೌಲ್ ಬಜಾರುಗಳ ನಡುವಿನ ದೂರವನ್ನು ನಡೆದವರಿಗೆ ಇದು ಒಪ್ಪಿತವಾಗುತ್ತದೆ. ಈ ಅಳತೆಯಲ್ಲಿ ಕುರುಗೋಡು ಬಸ್ಸಿನಲ್ಲಿ ಅಂಚು ದಾಟುತ್ತದೆ, ಕಾಯುವ ಹೊತ್ತು ಸೇರಿಸಿದರೆ ಇನ್ನಷ್ಟು. ಸಿರುಗುಪ್ಪ ಬಹಳ ಆಚೆ. ಬೆಂಗಳೂರಿನವರು ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯುತ್ತಾರಲ್ಲ ಎಂದು ಯಾರಾದರೂ ಹೇಳಿದರೆ, ಅವರ ಕಷ್ಟವನ್ನು ನಾವು ಮಾದರಿ ಮಾಡಿಕೊಳ್ಳಬೇಕಾಗಿಲ್ಲ ಎನ್ನುತ್ತೇನೆ.

ದುಡ್ಡಿನ ಲೆಕ್ಕವನ್ನೂ ಹಾಕಿಬಿಡೋಣ. ಕುರುಗೋಡಿಗೆ ಹೋಗಿ ಬರಲು ಅರವತ್ತು ಕಿಲೋಮೀಟರ್. ಬೈಕು ಲೀಟರಿಗೆ ಐವತ್ತು ಕೊಟ್ಟರೆ ದಿನಕ್ಕೆ 1.2 ಲೀಟರ್ ಪೆಟ್ರೋಲು. ಲೀಟರು ನೂರು ರೂಪಾಯಿ ದಾಟಿದೆ, ತಿಂಗಳಿಗೆ ಇಪ್ಪತ್ತೈದು ದಿನ ಕೆಲಸ ಎಂದಿಟ್ಟುಕೊಂಡರೂ ಮೂರು ಸಾವಿರದ ಮೇಲೆ. ಸಿರುಗುಪ್ಪಕ್ಕಾದರೆ ಐದೂವರೆ ಸಾವಿರದ ಮೇಲೆ. ಬಾಡಿಗೆಯಲ್ಲಿ ಉಳಿಯುವುದು ಇದಕ್ಕಿಂತ ಕಡಿಮೆಯಾದರೆ ಊರು ಬಿಟ್ಟು ಹೋಗಿ ಗಳಿಸಿದ್ದೇನೂ ಇಲ್ಲ, ಹೆದ್ದಾರಿಯಲ್ಲಿ ಭತ್ತದ ಲಾರಿಗಳ ನಡುವೆ ದಿನಾ ಜೀವ ಕೈಯಲ್ಲಿ ಹಿಡಿದದ್ದು ಬೇರೆ. ಬಸ್ಸಿನಲ್ಲಿ ಹೋದರೆ ಅಗ್ಗ, ಆದರೂ 2025ರ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿದೆ.

ಹೆಣ್ಣುಮಕ್ಕಳ ಲೆಕ್ಕ ಮಾತ್ರ ಬೇರೆಯೇ ಆಗಿಬಿಟ್ಟಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ದುಡ್ಡಿಲ್ಲ. ಅಂಗಡಿಯಲ್ಲಿ ಬಟ್ಟೆ ಮಾರುವ, ಖಾಸಗಿ ಶಾಲೆಯಲ್ಲಿ ಪಾಠ ಹೇಳುವ, ಆಸ್ಪತ್ರೆಯಲ್ಲಿ ನೆಲ ಒರೆಸುವ ಎಷ್ಟೋ ಹೆಣ್ಣುಮಕ್ಕಳು ಈಗ ಬಳ್ಳಾರಿಯಲ್ಲಿ ದುಡಿದು ಕುರುಗೋಡಿನಲ್ಲಿ, ತೆಕ್ಕಲಕೋಟೆಯಲ್ಲಿ ಸಂಸಾರ ಮಾಡಬಲ್ಲರು. ಹತ್ತು ಸಾವಿರ ಸಂಬಳದಲ್ಲಿ ಬಸ್ಸಿಗೆ ಎರಡು ಸಾವಿರ ಹೋಗುವುದು ನಿಂತರೆ ಅದು ಒಂದು ಕೋಣೆಯ ಬಾಡಿಗೆ. ಮನೆ ಕಟ್ಟಿಸಿಕೊಡುವ ಯೋಜನೆ ಎಂದು ಶಕ್ತಿಯನ್ನು ಯಾರೂ ಕರೆದಿಲ್ಲ. ನಮ್ಮ ಕಡೆ ಅದು ಆ ಕೆಲಸವನ್ನೂ ಮಾಡಿದೆ.

ಆದರೆ ರಾತ್ರಿ ಬಸ್ಸು? ಜವಳಿ ಅಂಗಡಿ ಮುಚ್ಚುವುದು ಒಂಬತ್ತಕ್ಕೆ. ಆಸ್ಪತ್ರೆಯ ಪಾಳಿ ಬದಲಾಗುವುದು ಎಂಟಕ್ಕೆ. ಹೊತ್ತಾದಂತೆ ಊರಿನ ಬಸ್ಸುಗಳು ವಿರಳವಾಗುತ್ತವೆ. ಬಸ್ ನಿಲ್ದಾಣದಲ್ಲಿ ಆ ಹೊತ್ತಿಗೆ ಟಿಫಿನ್ ಬ್ಯಾಗು ಎದೆಗವಚಿಕೊಂಡು ನಿಂತಿರುವ ಹೆಂಗಸರನ್ನು ನೋಡಿ. ಪ್ರತಿ ಬಸ್ಸಿನ ಬೋರ್ಡಿಗೂ ಕತ್ತೆತ್ತುತ್ತಾರೆ, ಮನೆಗೆ ಫೋನು ಮಾಡಿ ‘ಅನ್ನಕ್ಕಿಡು, ಬರ್ತೀನಿ’ ಎನ್ನುತ್ತಾರೆ, ಮತ್ತೆ ಕತ್ತೆತ್ತುತ್ತಾರೆ. ಅವರಿಗೆ ಕುರುಗೋಡಿನ ಮನೆಯ ಬಾಡಿಗೆಯನ್ನು ತೀರ್ಮಾನಿಸುವುದು ಓನರಲ್ಲ, ಕೊನೆಯ ಬಸ್ಸು. ಅದು ಏಳೂವರೆಗೆ ಹೋದರೆ ಎಂಟು ಗಂಟೆಯ ಕೆಲಸದವಳಿಗೆ ಕುರುಗೋಡಿನಲ್ಲಿ ಪುಕ್ಕಟೆ ಮನೆ ಕೊಟ್ಟರೂ ಆಗಿಬರುವುದಿಲ್ಲ. ಸಿರುಗುಪ್ಪಕ್ಕಂತೂ ರೈಲೂ ಇಲ್ಲ. ಬಸ್ಸೇ ದಿಕ್ಕು.

ಬಾಡಿಗೆ ಸಾಕಾಗಿ ಕೊಂಡೇಬಿಡೋಣ ಎನ್ನುವವರು ಹೆಚ್ಚಾಗಿದ್ದಾರೆ. ಊರಾಚೆಯ ರಸ್ತೆಗಳ ಎರಡೂ ಮಗ್ಗುಲಲ್ಲಿ ಬಣ್ಣದ ಕಲ್ಲು ನೆಟ್ಟ ಲೇಔಟುಗಳನ್ನು ನೋಡಿ ಆಸೆಯಾಗುವುದು ಸಹಜ. ಚಾಗನೂರು ಸಿರಿವಾರದ ವಿಮಾನ ನಿಲ್ದಾಣದ ಹೆಸರು ಹೇಳಿ ದರ ಏರಿಸುವವರ ಮಾತಿಗೆ ಕಿವಿಗೊಡದೆ, ಜಮೀನು ಎನ್.ಎ., ಅಂದರೆ ಕೃಷಿಯೇತರ ಆಗಿದೆಯೇ, ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇದೆಯೇ, ಇ-ಖಾತಾ ಕೈಗೆ ಬರುತ್ತದೆಯೇ ಎಂದು ಮೊದಲು ನೋಡಬೇಕು. ಫ್ಲ್ಯಾಟು ಕೊಳ್ಳುವವರು ಒಂದು ಸೂಕ್ಷ್ಮ ತಿಳಿದಿರಲಿ: 500 ಚದರ ಮೀಟರು ಮೀರದ ಜಾಗದ ಅಥವಾ ಎಂಟು ಫ್ಲ್ಯಾಟು ಮೀರದ ಕಟ್ಟಡಕ್ಕೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮಂಥ ಊರುಗಳಲ್ಲಿ ಎಂಟಕ್ಕೇ ನಿಲ್ಲುವ ಕಟ್ಟಡಗಳು ಬೇಕಾದಷ್ಟು. ಅಲ್ಲಿ ಕಾಯುವವರು ಯಾರೂ ಇಲ್ಲ, ವಕೀಲರಿಗೆ ಕಾಗದ ತೋರಿಸುವುದೇ ದಾರಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೇರಿದೆ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ವರ್ಷಕ್ಕೆ ಒಂಬತ್ತು ಲಕ್ಷದೊಳಗಿನ ಆದಾಯದ, ಎಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೆಯ ಸುತ್ತಿನಲ್ಲಿ 35 ಲಕ್ಷದವರೆಗಿನ ಮನೆಗೆ, 25 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಸಹಾಯ ಉಂಟು, ಗರಿಷ್ಠ 1.80 ಲಕ್ಷ. ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ, ಕೇಳಿ ಪಡೆಯಬೇಕು.

ಯಾರಿಗೆ ಎಲ್ಲಿ ಎಂದು ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಇಬ್ಬರೂ ಬಳ್ಳಾರಿಯಲ್ಲೇ ದುಡಿಯುವವರು, ಹಗಲು ಕೆಲಸದವರು, ಮಕ್ಕಳು ಚಿಕ್ಕವರು ಎಂದರೆ ಕುರುಗೋಡು ಧಾರಾಳವಾಗಿ ನೋಡಬಹುದು. ಸಿರುಗುಪ್ಪ ಚೆಲುವಾದ ಊರು, ನೀರಿನ ಊರು, ಆದರೆ ಅದು ಅಲ್ಲೇ ಕೆಲಸವಿರುವವರಿಗೆ. ಒಬ್ಬರು ಅಲ್ಲಿ, ಒಬ್ಬರು ಬಳ್ಳಾರಿಯಲ್ಲಿ ದುಡಿಯುವವರಾದರೆ ನಡುವಿನ ತೆಕ್ಕಲಕೋಟೆಯ ಬಗ್ಗೆ ಯೋಚಿಸಬಹುದು. ದಿನಾ ನೂರಾಹತ್ತು ಕಿಲೋಮೀಟರು ಓಡಾಡಿ ಉಳಿಸುವ ಬಾಡಿಗೆ ಮಗು ನಿದ್ದೆ ಹೋದ ಮೇಲೆ ಮನೆ ಸೇರುವ ತಂದೆಗೆ ಬೇಡ. ರಾತ್ರಿ ಪಾಳಿಯವರು ಬಳ್ಳಾರಿಯಲ್ಲೇ, ಒಂದು ಕೋಣೆ ಕಡಿಮೆಯಾದರೂ, ಇರಲಿ.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವರಿಗೆ ನನ್ನದೊಂದು ಬಿನ್ನಹ ಇದೆ. ಬಳ್ಳಾರಿಯಿಂದ ರಾತ್ರಿ ಒಂಬತ್ತೂವರೆಗೆ ಕುರುಗೋಡಿಗೆ ಒಂದು, ಹತ್ತಕ್ಕೆ ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಒಂದು, ಭಾನುವಾರವೂ ತಪ್ಪದೆ ಹೊರಡುವ ಸಾಮಾನ್ಯ ಬಸ್ಸು ಬಿಡಿ. ಮೊದಲ ತಿಂಗಳು ಅರ್ಧ ಖಾಲಿ ಹೋದೀತು, ನಿಲ್ಲಿಸಬೇಡಿ. ಆ ಬಸ್ಸು ನಂಬಿಕೆಗೆ ಬಂದ ಮೇಲೆ ಅದನ್ನು ನೆಚ್ಚಿ ಅಡ್ವಾನ್ಸ್ ಕೊಡುವ ಸಂಸಾರಗಳು ಬರುತ್ತವೆ.